ಹಡಗಿನಿಂದ ಇಳಿದವರ ಊರು

ನಿಮ್ಮ ಅಟ್ಲಾಸಿನಲ್ಲಿ ಆಫ್ರಿಕಾ ಖಂಡದ ಪುಟವನ್ನು ತೆರೆಯಿರಿ. ಬಲಗಡೆ ಮಡಗಾಸ್ಕರ್ ಎಂಬ ದೊಡ್ಡ ದ್ವೀಪವಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ಸರಿದರೆ ಸಮುದ್ರದ ನಡುವೆ ಒಂದು ಚುಕ್ಕೆ ಸಿಗುತ್ತದೆ. ಅದು ಮಾರಿಷಸ್. ಎಷ್ಟೋ ಭೂಪಟಗಳಲ್ಲಿ ಆ ದೇಶಕ್ಕಿಂತ ಅದರ ಹೆಸರೇ ಹೆಚ್ಚು ಜಾಗ ಹಿಡಿಯುತ್ತದೆ. ಅದರ ವಾಯವ್ಯ ದಡದಲ್ಲಿರುವ ಬಂದರು ಪೋರ್ಟ್ ಲೂಯಿ ಆ ದೇಶದ ರಾಜಧಾನಿ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ಅಂದರೆ ನಮ್ಮ ಸಾಧಾರಣ ಜಿಲ್ಲಾ ಕೇಂದ್ರವೊಂದರಷ್ಟು.

ಈ ಊರಿನ ಬಗ್ಗೆ ನಡೆದ ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಬೇಕೆಂದುಕೊಂಡ ಬಹಳಷ್ಟು ಸಂಗತಿಗಳು ಸಮಯದ ಅಭಾವದಿಂದ ಉಳಿದುಹೋದವು. ಅವುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸ ನನ್ನ ವಿಷಯವಲ್ಲ. ನಾನು ಓದಿದ್ದು ವಿಜ್ಞಾನ. ಆದ್ದರಿಂದ ಗಾಳಿ, ನೀರು, ಸೊಳ್ಳೆಗಳ ಕಡೆಗೆ ನನ್ನ ಗಮನ ಸ್ವಲ್ಪ ಹೆಚ್ಚಾಗಿ ಹೋದರೆ ಕ್ಷಮಿಸಬೇಕು.

ಪೋರ್ಟ್ ಲೂಯಿಯ ಸಂಸತ್ತಿನಲ್ಲಿ ಭಾಷಣ ಇಂಗ್ಲಿಷಿನಲ್ಲಿ. ಬೆಳಗಿನ ಪತ್ರಿಕೆ ಫ್ರೆಂಚಿನಲ್ಲಿ. ಜಗಳ, ಪ್ರೀತಿ, ಚೌಕಾಸಿ ಎಲ್ಲವೂ ಕ್ರಿಯೋಲ್ ಎಂಬ ಭಾಷೆಯಲ್ಲಿ. ತಮ್ಮ ಊರನ್ನು ಅಲ್ಲಿಯ ಜನ ಆ ಭಾಷೆಯಲ್ಲಿ ‘ಪೋರ್ಲ್ವಿ’ ಎಂದು ಕರೆಯುತ್ತಾರೆ. ಪೇಟೆಯ ಬೀದಿಯಲ್ಲಿ ಮಸೀದಿ, ಕೆಲವು ಹೆಜ್ಜೆ ದೂರದಲ್ಲಿ ಚೀನೀಯರ ಪಗೋಡ, ಇನ್ನೊಂದು ಮಗ್ಗುಲಿಗೆ ತಮಿಳರ ಕೋವಿಲು, ಚರ್ಚು. ರಸ್ತೆ ಬದಿಯ ಗಾಡಿಯಲ್ಲಿ ಬೇಳೆಯ ಹೂರಣ ತುಂಬಿದ ‘ಧೋಲ್ ಪುರಿ’ ಸಿಗುತ್ತದೆ. ಬೆಲ್ಲವಿಲ್ಲದ ಒಬ್ಬಟ್ಟನ್ನು ಊಹಿಸಿಕೊಳ್ಳಿ. ಇಷ್ಟಾಗಿ ಈ ದೇಶ ಆಫ್ರಿಕನ್ ಒಕ್ಕೂಟದ ಸದಸ್ಯ. ಹಾಗಾದರೆ ಈ ಊರು ಯಾರದು?

ನಮ್ಮ ಯಾವುದೇ ಊರಿನ ಬಗ್ಗೆ ಈ ಪ್ರಶ್ನೆ ಕೇಳಿದರೆ ಯಾರಾದರೊಬ್ಬರು ‘ನಾವು ಮೊದಲಿನಿಂದ ಇಲ್ಲಿದ್ದವರು’ ಎಂದು ಮುಂದೆ ಬರುತ್ತಾರೆ. ಪೋರ್ಟ್ ಲೂಯಿಯಲ್ಲಿ ಹಾಗೆ ಹೇಳುವವರೇ ಇಲ್ಲ. ಈ ದ್ವೀಪದಲ್ಲಿ ಮೂಲನಿವಾಸಿಗಳೇ ಇರಲಿಲ್ಲ. ಅರಬ್ ನಾವಿಕರಿಗೆ ಇದು ತಿಳಿದಿತ್ತು, ಪೋರ್ಚುಗೀಸರು ಬಂದು ಹೋದರು, ಆದರೆ ಯಾರೂ ನೆಲೆಸಲಿಲ್ಲ. ಹಾರಲಾರದ ಡೋಡೋ ಪಕ್ಷಿ, ದೈತ್ಯ ಆಮೆಗಳು, ಎಬೊನಿ ಎಂಬ ಕರಿಮರದ ಕಾಡು, ಇಷ್ಟೇ ಇದ್ದದ್ದು. 1598ರಲ್ಲಿ ಬಂದಿಳಿದ ಡಚ್ಚರು ತಮ್ಮ ರಾಜಕುಮಾರ ಮೌರಿಟ್ಸನ ಹೆಸರನ್ನು ದ್ವೀಪಕ್ಕೆ ಇಟ್ಟರು. 1638ರಲ್ಲಿ ಮೊದಲ ಬಾರಿ ನೆಲೆ ಹಾಕಿದರು. ನಡುವೆ ಒಮ್ಮೆ ಬಿಟ್ಟುಹೋಗಿ ಮತ್ತೆ ಬಂದು, 1710ರಲ್ಲಿ ಶಾಶ್ವತವಾಗಿ ತೊರೆದರು. ಅಷ್ಟರಲ್ಲಿ ಡೋಡೋ ಅಳಿದುಹೋಗಿತ್ತು. ಅಂದಿನಿಂದ ಇಂದಿನವರೆಗೆ ಈ ದ್ವೀಪದಲ್ಲಿ ಬಾಳಿದ ಪ್ರತಿಯೊಬ್ಬನೂ ಹಡಗಿನಿಂದ ಇಳಿದವನು, ಇಲ್ಲವೆ ಹಾಗೆ ಇಳಿದವರ ಸಂತಾನ. ಪ್ರಶ್ನೆ ಇಷ್ಟೇ: ಯಾರು ಯಾವ ಹಡಗಿನಿಂದ ಇಳಿದರು, ಹೇಗೆ ಇಳಿದರು, ಇಳಿದಾಗ ಅವರ ಹೆಸರನ್ನು ಯಾರಾದರೂ ಬರೆದುಕೊಂಡರೇ?

ಡಚ್ಚರ ಮುಖ್ಯ ನೆಲೆ ಇದ್ದದ್ದು ದ್ವೀಪದ ಆಗ್ನೇಯ ಭಾಗದಲ್ಲಿ. ಈಗ ಅದನ್ನು ಗ್ರಾಂ ಪೋರ್ ಎನ್ನುತ್ತಾರೆ. ಅಲ್ಲೊಂದು ತೊಡಕಿತ್ತು. ಈ ಸಮುದ್ರದಲ್ಲಿ ವರ್ಷದ ಬಹುಪಾಲು ಆಗ್ನೇಯ ವಾಣಿಜ್ಯ ಮಾರುತ ಬೀಸುತ್ತದೆ. ಹಾಯಿ ಹಡಗು ಆ ಗಾಳಿಯ ಜೊತೆಗೆ ಸಲೀಸಾಗಿ ಆಗ್ನೇಯದ ಬಂದರನ್ನು ಹೊಕ್ಕೀತು, ಆದರೆ ಹೊರಡುವಾಗ ಅದೇ ಗಾಳಿ ಎದುರಾಗುತ್ತದೆ. ವಾಯವ್ಯ ದಡದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಮೋಕಾ ಪರ್ವತಸಾಲು ಬೆನ್ನಿಗೆ ಗೋಡೆಯಂತೆ ನಿಂತು ಗಾಳಿಯನ್ನು ತಡೆಯುತ್ತದೆ. ಈ ಸಾಲಿನಲ್ಲಿ ಹೆಬ್ಬೆರಳಿನಂತೆ ಎದ್ದಿರುವ 812 ಮೀಟರಿನ ‘ಲೆ ಪೂಸ್’ ಶಿಖರವಿದೆ, ತಲೆಯ ಮೇಲೆ ಗುಂಡುಕಲ್ಲು ಹೊತ್ತ ‘ಪೀಟರ್ ಬೋತ್’ ಶಿಖರವಿದೆ. ಇನ್ನು ದ್ವೀಪದ ಸುತ್ತಲಿನ ಹವಳದ ದಿಬ್ಬ. ಹೊಳೆಯ ಸಿಹಿನೀರು, ಕೆಸರು ಬಂದು ಸೇರುವ ಕಡೆ ಹವಳ ಬೆಳೆಯುವುದಿಲ್ಲ. ಅಂಥಲ್ಲಿ ದಿಬ್ಬದಲ್ಲಿ ಕಂಡಿ ಬಿದ್ದು ಹಡಗಿಗೆ ಬಾಗಿಲು ತೆರೆಯುತ್ತದೆ. ಹೀಗೆ ರಾಜಧಾನಿಯ ಜಾಗವನ್ನು ಆರಿಸಿದ್ದು ಗಾಳಿ ಮತ್ತು ಹವಳ ಎಂದರೆ ತಪ್ಪಾಗಲಾರದು.

1715ರಲ್ಲಿ ದ್ವೀಪವನ್ನು ವಶಪಡಿಸಿಕೊಂಡ ಫ್ರೆಂಚರು ಅದಕ್ಕೆ ‘ಈಲ್ ದ ಫ್ರಾನ್ಸ್’ ಎಂದು ಹೆಸರಿಟ್ಟರು. ವಾಯವ್ಯ ಬಂದರಿಗೆ ಬಾಲಕ ದೊರೆ 15ನೆಯ ಲೂಯಿಯ ನೆನಪಿನಲ್ಲಿ ಪೋರ್ಟ್ ಲೂಯಿ ಎಂಬ ಹೆಸರು ಬಂತು. ಆದರೆ ಬಂದರು ಊರಾಗಿದ್ದು 1735ರಲ್ಲಿ ಮಾಹೆ ದ ಲಾ ಬೂರ್ದೊನೆ ಎಂಬ ಗವರ್ನರ್ ಬಂದ ಮೇಲೆ. ಹಡಗುಕಟ್ಟೆ, ಶಸ್ತ್ರಾಗಾರ, ಉಗ್ರಾಣ, ಆಸ್ಪತ್ರೆ, ದೂರದಿಂದ ನೀರು ತರುವ ಕಾಲುವೆ ಎಲ್ಲವನ್ನೂ ಹತ್ತು ಹನ್ನೊಂದು ವರ್ಷಗಳಲ್ಲಿ ಕಟ್ಟಿಸಿದ. 1746ರಲ್ಲಿ ಇಲ್ಲಿಂದಲೇ ನೌಕಾದಳ ಕಟ್ಟಿಕೊಂಡು ಹೋಗಿ ಇಂಗ್ಲಿಷರಿಂದ ಮದರಾಸನ್ನು ಗೆದ್ದುಕೊಂಡ. ಆಮೇಲೆ ಪಾಂಡಿಚೇರಿಯ ಡೂಪ್ಲೆಯ ಜೊತೆ ಜಗಳವಾಗಿ, ಪ್ಯಾರಿಸಿನ ಬಾಸ್ಟೀಲ್ ಸೆರೆಮನೆಯಲ್ಲಿ ಕೊಳೆತು, ನಿರಪರಾಧಿ ಎಂದು ಬಿಡುಗಡೆಯಾಗಿ ಎರಡು ವರ್ಷಕ್ಕೆ ತೀರಿಕೊಂಡ. ಇಂದಿಗೂ ಬಂದರಿನ ಎದುರಿನ ಚೌಕದಲ್ಲಿ ಅವನ ಪ್ರತಿಮೆ ಸಮುದ್ರ ನೋಡುತ್ತ ನಿಂತಿದೆ.

ಕಟ್ಟಿಸಿದವನು ಅವನು. ಕಟ್ಟಿದವರು ಯಾರು? ಪಾಂಡಿಚೇರಿಯಿಂದ ಬಂದ ಗಾರೆ ಕೆಲಸದವರು, ಬಡಗಿಗಳು, ಕಮ್ಮಾರರು ಅವರಲ್ಲಿದ್ದರು. ಅವರು ನೆಲೆಸಿದ ಕೇರಿಗೆ ‘ಮಲಬಾರರ ಬೀಡು’ ಎಂಬ ಅರ್ಥದ ಹೆಸರಿತ್ತು. ಅವರಲ್ಲಿ ಹೆಚ್ಚಿನವರು ತಮಿಳರು, ಮಲಬಾರಿನವರಲ್ಲ. ವಿಂಧ್ಯದ ಕೆಳಗಿನವರನ್ನೆಲ್ಲ ಉತ್ತರದವರು ‘ಮದರಾಸಿ’ ಎಂದದ್ದನ್ನು ಕೇಳಿದ ನಮಗೆ ಇದು ಹೊಸದೇನಲ್ಲ. ಆದರೆ ಕಲ್ಲು ಹೊತ್ತ ಬಹುಪಾಲು ಹೆಗಲುಗಳು ಗುಲಾಮರವು. ಮಡಗಾಸ್ಕರ್, ಮೊಜಾಂಬಿಕ್ ತೀರ, ಸ್ವಲ್ಪ ಮಟ್ಟಿಗೆ ಪಶ್ಚಿಮ ಆಫ್ರಿಕಾ ಮತ್ತು ಭಾರತದಿಂದಲೂ ಅವರನ್ನು ಸಂಕೋಲೆ ಹಾಕಿ ತಂದರು. ಹದಿನೆಂಟನೆಯ ಶತಮಾನದ ಕೊನೆಗೆ ದ್ವೀಪದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಗುಲಾಮರಾಗಿದ್ದರು. 1789ರ ಫ್ರೆಂಚ್ ಕ್ರಾಂತಿಯ ಸ್ವಾತಂತ್ರ್ಯ, ಸಮಾನತೆಯ ಘೋಷಣೆ ಹಡಗು ಹತ್ತಿ ಇಲ್ಲಿಗೂ ಬಂತು. ರಾಜನ ಹೆಸರು ಬೇಡವೆಂದು ಪೋರ್ಟ್ ಲೂಯಿ ‘ವಾಯವ್ಯ ಬಂದರು’ ಎಂದಾಯಿತು. ಆದರೆ ಗುಲಾಮಗಿರಿ ರದ್ದಾಗಿದೆ ಎಂಬ 1794ರ ಆಜ್ಞೆಯನ್ನು ಜಾರಿ ಮಾಡಲು 1796ರಲ್ಲಿ ಪ್ಯಾರಿಸಿನಿಂದ ಇಬ್ಬರು ಅಧಿಕಾರಿಗಳು ಬಂದಾಗ ಜಮೀನುದಾರರು ಅವರನ್ನು ಅದೇ ಬಂದರಿನಿಂದ ವಾಪಸು ಅಟ್ಟಿದರು. ಹೆಸರು ಬದಲಾಯಿಸುವುದು ಅಗ್ಗದ ಕೆಲಸವಾಗಿತ್ತು.

ಈ ‘ವಾಯವ್ಯ ಬಂದರಿ’ಗೆ ನಮ್ಮ ನಾಡಿನ ಇತಿಹಾಸದಲ್ಲೊಂದು ಪಾತ್ರವಿದೆ. ಅದನ್ನು ಶಾಲಾಪಾಠಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನ ಹಡಗು ಕೆಟ್ಟು ಮಂಗಳೂರಿಗೆ ಬಂತು. ಈಲ್ ದ ಫ್ರಾನ್ಸಿನಲ್ಲಿ ದೊಡ್ಡ ಫ್ರೆಂಚ್ ಸೇನೆ ಸಹಾಯಕ್ಕೆ ಕಾದಿದೆ ಎಂದು ಅವನು ಟಿಪ್ಪು ಸುಲ್ತಾನನಿಗೆ ನಂಬಿಸಿದ. ಸುಲ್ತಾನ ಇಬ್ಬರು ರಾಯಭಾರಿಗಳನ್ನು ಮಂಗಳೂರಿನಿಂದ ಕಳಿಸಿದ. ವಿಷಯ ಗುಟ್ಟಾಗಿರಬೇಕೆಂಬುದು ಅವನ ಅಪೇಕ್ಷೆ. 1798ರ ಜನವರಿಯಲ್ಲಿ ಅವರು ತಲುಪಿದಾಗ ಗವರ್ನರ್ ಮಲಾರ್ತಿಕ್ ಬಳಿ ಸೇನೆಯೂ ಇರಲಿಲ್ಲ, ಗುಟ್ಟು ಕಾಪಾಡುವ ಬುದ್ಧಿಯೂ ಇರಲಿಲ್ಲ. ರಾಯಭಾರಿಗಳನ್ನು ಬಹಿರಂಗವಾಗಿ ಸ್ವಾಗತಿಸಿ, ಜನವರಿ 30ರಂದು ‘ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪುವಿನ ಜೊತೆ ಹೋಗಬಯಸುವವರು ಹೆಸರು ಕೊಡಿ’ ಎಂಬ ಅರ್ಥದ ಪ್ರಕಟಣೆಯನ್ನು ಹೊರಡಿಸಿಬಿಟ್ಟ. ಏಪ್ರಿಲ್ ಕೊನೆಗೆ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಜನ. ಜೂನ್ ತಿಂಗಳಲ್ಲಿ ಆ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ವೆಲ್ಲೆಸ್ಲಿಗೆ ಯುದ್ಧಕ್ಕೆ ಕಾರಣ ಬೇಕಿತ್ತು, ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಲಾರ್ತಿಕ್ ಮರುವರ್ಷ ತೀರಿಕೊಂಡ. ಪೋರ್ಟ್ ಲೂಯಿಯ ಷಾಂ ದ ಮಾರ್ಸ್ ಮೈದಾನದಲ್ಲಿ ಅವನ ಸಮಾಧಿಯ ಕಲ್ಲುಕಂಬ ಇಂದಿಗೂ ಇದೆ. ನೂರು ಜನರ ಸಹಾಯಕ್ಕೆ ಒಂದು ರಾಜ್ಯ ತೆತ್ತ ಬೆಲೆಯನ್ನು ನೆನೆದರೆ, ಗೋಡೆಗೆ ಹಚ್ಚಿದ ಕಾಗದವೂ ಒಂದು ಆಯುಧವೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಇಂಗ್ಲಿಷರ ವ್ಯಾಪಾರದ ಹಡಗುಗಳನ್ನು ದೋಚುತ್ತಿದ್ದ ಫ್ರೆಂಚ್ ಲೂಟಿನಾವಿಕರಿಗೆ ಈ ಬಂದರೇ ಮನೆ. 1806ರಲ್ಲಿ ಅದರ ಹೆಸರು ಪೋರ್ಟ್ ನೆಪೋಲಿಯನ್ ಎಂದಾಯಿತು. 1810ರ ಆಗಸ್ಟಿನಲ್ಲಿ ಗ್ರಾಂ ಪೋರ್ ಬಳಿಯ ನೌಕಾಯುದ್ಧದಲ್ಲಿ ಫ್ರೆಂಚರು ಗೆದ್ದರು. ಆದರೆ ನವೆಂಬರ್ ಕೊನೆಗೆ ಬ್ರಿಟಿಷರು ಭಾರತದ ಸಿಪಾಯಿಗಳನ್ನೂ ಒಳಗೊಂಡ ಭಾರಿ ಸೇನೆಯನ್ನು ಉತ್ತರ ತುದಿಯಲ್ಲಿ ಇಳಿಸಿದರು. ಡಿಸೆಂಬರ್ 3ಕ್ಕೆ ಎಲ್ಲ ಮುಗಿಯಿತು. ಬಂದರಿಗೆ ಹಳೆಯ ಹೆಸರು ಮರಳಿತು. ಶರಣಾಗತಿಯ ಕರಾರಿನಲ್ಲಿ ನಿವಾಸಿಗಳ ಕಾನೂನು, ಧರ್ಮ, ಆಚಾರ, ಆಸ್ತಿ ಹಾಗೆಯೇ ಉಳಿಯುತ್ತವೆ ಎಂದು ಬರೆದರು. ಅದರಿಂದಲೇ ಇಂದಿಗೂ ಇಂಗ್ಲಿಷ್ ಆಡಳಿತ ಕಂಡ ಊರಿನಲ್ಲಿ ಫ್ರೆಂಚ್ ಪತ್ರಿಕೆ. ‘ಆಸ್ತಿ’ ಎಂಬ ಪದದೊಳಗೆ ಗುಲಾಮರೂ ಸೇರಿದ್ದರು ಎಂಬುದನ್ನು ಮರೆಯಬಾರದು.

ಗುಲಾಮರ ಬಿಡುಗಡೆ ಆದದ್ದು 1835ರ ಫೆಬ್ರವರಿ 1ರಂದು. ಸುಮಾರು 66 ಸಾವಿರ ಜನ. ಪರಿಹಾರವಾಗಿ ಬ್ರಿಟಿಷ್ ಸರಕಾರ ಇಪ್ಪತ್ತು ಲಕ್ಷ ಪೌಂಡಿನಷ್ಟು ಹಣ ಕೊಟ್ಟಿತು. ಕೊಟ್ಟದ್ದು ಮಾಲೀಕರಿಗೆ! ದುಡಿದವರಿಗೆ ಬಿಡಿಕಾಸು ಇಲ್ಲ. ಅದರ ಮೇಲೆ ‘ಕೆಲಸ ಕಲಿಯುವವರು’ ಎಂಬ ನೆಪದಲ್ಲಿ 1839ರವರೆಗೆ ಅದೇ ಒಡೆಯರ ಬಳಿ ದುಡಿಯಬೇಕಾಯಿತು. ಊರ ನಡುವಿನ ಗುಡ್ಡದ ಮೇಲೆ ‘ಸಿಟಡೆಲ್’ ಎಂಬ ಕರಿಕಲ್ಲಿನ ಕೋಟೆ ಇದೆ. 1834ರಲ್ಲಿ ಶುರುವಾಗಿ 1840ರಲ್ಲಿ ಮುಗಿಯಿತು. ಬಿಡುಗಡೆಯ ಕಾನೂನಿನ ವಿರುದ್ಧ ಫ್ರೆಂಚ್ ಜಮೀನುದಾರರು ದಂಗೆ ಎದ್ದಾರೆಂಬ ಭಯ ಬ್ರಿಟಿಷರಿಗೆ ಇತ್ತು. ಆ ಕೋಟೆ ಕಾಯುತ್ತಿದ್ದುದು ಸಮುದ್ರವನ್ನಷ್ಟೇ ಅಲ್ಲ, ಕೆಳಗಿನ ಊರನ್ನು ಕೂಡ.

ಕಬ್ಬಿನ ಗದ್ದೆಗೆ ಮತ್ತೆ ಹಿಂದಿರುಗಲು ಬಿಡುಗಡೆಯಾದವರಿಗೆ ಮನಸ್ಸಿರಲಿಲ್ಲ. ಜಮೀನುದಾರರ ಕಣ್ಣು ಭಾರತದ ಕಡೆ ತಿರುಗಿತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದು ಇಳಿಸಿತು. ಅಲ್ಲಿಂದ ಮುಂದೆ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಕಲ್ಕತ್ತ, ಮದರಾಸು, ಮುಂಬಯಿ ಬಂದರುಗಳಿಂದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕಡಿತ. ಇದಕ್ಕೆ ‘ಡಬಲ್ ಕಟ್’ ಎಂದೇ ಹೆಸರಿತ್ತು. ಭೋಜಪುರಿಯವರು ದ್ವೀಪವನ್ನು ‘ಮಿರಿಚ್’ ಎಂದರು. ಅಲ್ಲಿ ಕಲ್ಲೆತ್ತಿದರೆ ಚಿನ್ನ ಸಿಗುತ್ತದೆ ಎಂದು ದಲ್ಲಾಳಿಗಳು ನಂಬಿಸಿದರೆಂಬ ಕಥೆ ಅವರ ಮನೆಗಳಲ್ಲಿ ಇಂದಿಗೂ ಉಳಿದಿದೆ. ಕಲ್ಲನ್ನಂತೂ ಎತ್ತಿದರು. ಜ್ವಾಲಾಮುಖಿಯ ಕರಿಕಲ್ಲನ್ನು ಗದ್ದೆಯಿಂದ ಹೆಕ್ಕಿ ಪೇರಿಸಿದ ಗುಡ್ಡೆಗಳು ಕಬ್ಬಿನ ನಡುವೆ ಪಿರಮಿಡ್ಡುಗಳಂತೆ ನಿಂತಿವೆ.

ಇವರೆಲ್ಲ ಹಾದುಬಂದ ಬಾಗಿಲು ಪೋರ್ಟ್ ಲೂಯಿಯ ತ್ರೂ ಫಾನ್‌ಫಾರೋನ್ ಎಂಬ ಕಡಲ ಮೂಲೆಯಲ್ಲಿದೆ. 1849ರಲ್ಲಿ ಅಲ್ಲಿ ವಲಸೆಗಾರರ ಡಿಪೋ ಸ್ಥಾಪನೆಯಾಯಿತು. ಹಡಗಿನಿಂದ ಇಳಿದು, ಕಲ್ಲಿನ ಮೆಟ್ಟಿಲು ಹತ್ತಿ, ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಜಾತಿ, ಊರು, ವಯಸ್ಸು, ಎತ್ತರ, ಮೈಮೇಲಿನ ಗುರುತು ಎಲ್ಲವನ್ನೂ ದಫ್ತರದಲ್ಲಿ ಬರೆದು ಒಂದು ಸಂಖ್ಯೆ ಕೊಡುತ್ತಿದ್ದರು. ಸಾಮಾನ್ಯವಾಗಿ ಎರಡು ದಿನ ಇಲ್ಲಿ ಕಳೆದು ತೋಟಗಳಿಗೆ ಹೊರಡುವುದು. ಈ ಜಾಗವನ್ನು ಮೊದಲು ‘ಕೂಲಿ ಘಾಟ್’ ಎನ್ನುತ್ತಿದ್ದರು. ಈಗ ಅದು ‘ಆಪ್ರವಾಸಿ ಘಾಟ್’. ಮೂಲ ಕಟ್ಟಡಗಳಲ್ಲಿ ಉಳಿದಿರುವುದು ಅರ್ಧಕ್ಕಿಂತ ಕಡಿಮೆ.

ಇನ್ನು ಸೊಳ್ಳೆಯ ಕಥೆ. ನನ್ನ ದೃಷ್ಟಿಯಲ್ಲಿ ಈ ಊರಿನ ಚಹರೆಯನ್ನು ಯಾವ ಗವರ್ನರನಿಗಿಂತಲೂ ಹೆಚ್ಚು ಬದಲಿಸಿದ್ದು ಇದೇ. 1866ರವರೆಗೆ ದ್ವೀಪದಲ್ಲಿ ಮಲೇರಿಯಾ ಹರಡಿರಲಿಲ್ಲ. ಆಫ್ರಿಕಾ, ಮಡಗಾಸ್ಕರ್, ಭಾರತದಿಂದ ಆ ರೋಗಾಣುವನ್ನು ರಕ್ತದಲ್ಲಿ ಹೊತ್ತವರು ಬಂದೇ ಇದ್ದರು. ಆದರೆ ಒಬ್ಬರಿಂದ ಒಬ್ಬರಿಗೆ ಸಾಗಿಸಬಲ್ಲ ಅನಾಫಿಲಿಸ್ ಸೊಳ್ಳೆ ಅಲ್ಲಿರಲಿಲ್ಲ. ಯಾವುದೋ ಹಡಗಿನ ನೀರಿನ ಪೀಪಾಯಿಯಲ್ಲಿ ಅದು ಬಂದಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ. ಕಬ್ಬಿಗಾಗಿ ಕಾಡು ಕಡಿದಿದ್ದರಿಂದ ಬಯಲಾದ ಜೌಗು ನೆಲ ಅದಕ್ಕೆ ಸಿದ್ಧವಾಗಿತ್ತು. ಎದುರಿಸುವ ಶಕ್ತಿಯಿಲ್ಲದ ದೇಹಗಳೂ ಸಿದ್ಧವಾಗಿದ್ದವು. 1867ರ ಒಂದೇ ವರ್ಷದಲ್ಲಿ ದ್ವೀಪದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಜ್ವರಕ್ಕೆ ಬಲಿಯಾದರು. ಪೋರ್ಟ್ ಲೂಯಿಯಲ್ಲಿ ಸುಮಾರು ಐದು ಜನರಲ್ಲಿ ಒಬ್ಬರಂತೆ ಸತ್ತರು.

ಕಾರಣ ಯಾರಿಗೂ ಗೊತ್ತಿಲ್ಲ. ಕೆಟ್ಟ ಗಾಳಿ ಎಂದರು, ಕೂಲಿಗಳು ತಂದರು ಎಂದರು. ಗಾಳಿಯನ್ನು ತಡೆದು ಬಂದರನ್ನು ಕಾಪಾಡಿದ್ದ ಪರ್ವತವೇ ಈಗ ಸೆಕೆಯನ್ನು ಹಿಡಿದಿಟ್ಟುಕೊಂಡು ಕೊಲ್ಲುತ್ತಿದೆ ಎಂಬ ಭಾವನೆ ಬೆಳೆಯಿತು. ಅನುಕೂಲವಂತರು ಗಂಟುಮೂಟೆ ಕಟ್ಟಿದರು. 1865ರ ಹೊತ್ತಿಗಾಗಲೇ ದ್ವೀಪದ ನಡುವಿನ ತಂಪು ಪ್ರಸ್ಥಭೂಮಿಗೆ ರೈಲುಹಾದಿ ಬಿದ್ದಿತ್ತು. 500 ಮೀಟರಿಗೂ ಎತ್ತರದ ಕ್ಯೂರ್‌ಪೀಪ್ ಮುಂತಾದ ಕಡೆ ಬಂಗಲೆಗಳು ಎದ್ದವು. ಬೆಳಿಗ್ಗೆ ರೈಲಿನಲ್ಲಿ ಕೆಳಗಿಳಿದು ಕಚೇರಿ ನಡೆಸುವುದು, ಸಂಜೆ ಮೇಲಕ್ಕೆ ಹೋಗಿ ಮಲಗುವುದು. ಬಂದರಿನಲ್ಲಿ ಉಳಿದವರು ಬಡವರು, ಅಂಗಡಿಯವರು, ಹಮಾಲರು. ಆ ರೈಲು 1964ರಲ್ಲಿ ಪೂರ್ತಿ ನಿಂತುಹೋಯಿತು. ಭಾರತದ ನೆರವಿನಿಂದ ಕಟ್ಟಿದ ಮೆಟ್ರೋ 2019ರಲ್ಲಿ ಉದ್ಘಾಟನೆಯಾಗಿ ಈಗ ಕ್ಯೂರ್‌ಪೀಪಿನವರೆಗೆ ಓಡುತ್ತಿದೆ. ಆದರೆ ಸಂಜೆ ಕಚೇರಿ ಮುಚ್ಚಿದೊಡನೆ ಈ ರಾಜಧಾನಿಯ ಪೇಟೆ ಇಂದಿಗೂ ಬಿಕೋ ಎನ್ನುತ್ತದೆ.

ರೊನಾಲ್ಡ್ ರಾಸ್ ಹೆಸರನ್ನು ನೀವು ಓದಿದ್ದೀರಿ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದಾಗ, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಗಮನಿಸಿದವನು. ಮಲೇರಿಯಾ ಹರಡುವುದರಲ್ಲಿ ಸೊಳ್ಳೆಯ ಪಾತ್ರವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡು, ನೊಬೆಲ್ ಪಡೆದು, ಅವನು 1907ರಲ್ಲಿ ಮಾರಿಷಸ್ಸಿಗೆ ಬಂದು ಚರಂಡಿ, ಜೌಗುಗಳ ಲೆಕ್ಕ ಹಾಕಿದ. ರೋಗ ತಗ್ಗಿದ್ದು ಮಾತ್ರ ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಸಿಂಪಡಿಸಿದ ಮೇಲೆ. 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಮಲೇರಿಯಾಮುಕ್ತ ಎಂದು ಸಾರಿತು. 1975ರ ಚಂಡಮಾರುತದ ಬಳಿಕ ಅದು ಮರುಕಳಿಸಿ, 1998ರಲ್ಲಿ ಕೊನೆಗಂಡಿತು.

ಅದೇ 1867ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕರಾರು ಮುಗಿಸಿದ ಕೂಲಿಗಳು ಸ್ವತಂತ್ರವಾಗಿ ಓಡಾಡದಂತೆ ತಡೆಯುವ ಕಾನೂನು ಬಂತು. ಪ್ರತಿಯೊಬ್ಬನೂ ಭಾವಚಿತ್ರ ಅಂಟಿಸಿದ ಗುರುತುಚೀಟಿ ಇಟ್ಟುಕೊಳ್ಳಬೇಕು. ಪೊಲೀಸರು ಕೇಳಿದಾಗ ಇಲ್ಲದಿದ್ದರೆ ‘ಅಲೆಮಾರಿ’ ಎಂದು ಸೆರೆಮನೆ. ದ್ ಪ್ಲೆವಿಟ್ಸ್ ಎಂಬ ಯೂರೋಪಿಯನ್ ಜಮೀನುದಾರನ ಮುಂದಾಳುತನದಲ್ಲಿ 1871ರಲ್ಲಿ 9 ಸಾವಿರಕ್ಕೂ ಹೆಚ್ಚು ಕೂಲಿಗಳು ಈ ಕಿರುಕುಳದ ವಿರುದ್ಧ ಮನವಿಗೆ ಸಹಿ, ಗುರುತು ಹಾಕಿದರು. ಅದರ ಫಲವಾಗಿ ರಾಜ ಆಯೋಗವೊಂದು ವಿಚಾರಣೆಗೆ ಬಂತು. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಹಿಂದಿರುಗುತ್ತಿದ್ದ ಗಾಂಧೀಜಿ ಕೆಲವು ವಾರ ಇಲ್ಲಿ ತಂಗಿದ್ದರು. ಅವರ ಪ್ರೇರಣೆಯಿಂದ 1907ರಲ್ಲಿ ಬಂದ ಬ್ಯಾರಿಸ್ಟರ್ ಮಣಿಲಾಲ್ ಡಾಕ್ಟರ್ ನ್ಯಾಯಾಲಯದಲ್ಲಿ ಕೂಲಿಗಳ ಪರ ನಿಂತರು.

ಆ ಭಾವಚಿತ್ರಗಳ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ವೃತ್ತಿಯಲ್ಲಿ ಯಾವ ಕಾರ್ಯಕ್ರಮ ಯೋಚಿಸಿದರೂ ಮೊದಲ ಪ್ರಶ್ನೆ ‘ತೋರಿಸಲು ಚಿತ್ರ ಏನಿದೆ?’ ಎಂಬುದು. 1860ರ ದಶಕದಿಂದ ತೆಗೆದ ಆ ಚಿತ್ರಗಳೂ ದಫ್ತರಗಳೂ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ತಲೆಗೆ ಬಟ್ಟೆ ಸುತ್ತಿದ ಗಂಡಸು, ಮೂಗುಬೊಟ್ಟಿನ ಹೆಂಗಸು, ನೇರವಾಗಿ ಕ್ಯಾಮರಾ ನೋಡುವ ಅಂಜಿದ ಕಣ್ಣು. ತೆಗೆದದ್ದು ಪೊಲೀಸರ ಅನುಕೂಲಕ್ಕೆ. ಇಂದು ಮರಿಮಕ್ಕಳು ಆ ಸಂಖ್ಯೆಯನ್ನು ಹುಡುಕಿಕೊಂಡು ಬಂದು, ಮುತ್ತಜ್ಜಿಯ ಮುಖವನ್ನು ಮೊದಲ ಬಾರಿಗೆ ನೋಡಿ, ಪ್ರತಿ ಮಾಡಿಸಿ ಮನೆಯ ಗೋಡೆಗೆ ಹಾಕುತ್ತಾರೆ. 2024ರಲ್ಲಿ ಭಾರತ ಸರಕಾರ ಮಾರಿಷಸ್ಸಿನ ಭಾರತೀಯ ಮೂಲದವರಿಗೆ ಏಳನೆಯ ತಲೆಮಾರಿನವರೆಗೆ ಸಾಗರೋತ್ತರ ನಾಗರಿಕ ಪತ್ರ ಕೊಡಲು ಒಪ್ಪಿದಾಗ, ವಂಶ ತೋರಿಸುವ ದಾಖಲೆಯ ಬೆಲೆ ಇನ್ನೂ ಹೆಚ್ಚಿತು.

ಗುಲಾಮರ ವಂಶದವರು ಹೋಗಿ ಏನನ್ನು ಕೇಳಬೇಕು? ಭಾವಚಿತ್ರ ಕಲೆ ಹುಟ್ಟುವ ಮೊದಲೇ ಅವರನ್ನು ತಂದಾಗಿತ್ತು. ರಿಜಿಸ್ಟರುಗಳಲ್ಲಿ ಅವರಿಗಿರುವುದು ಸಾಮಾನ್ಯವಾಗಿ ಒಡೆಯ ಇಟ್ಟ ಒಂದು ಹೆಸರು, ಅಂದಾಜು ವಯಸ್ಸು, ‘ಮೊಜಾಂಬಿಕ್’ ಅಥವಾ ‘ಮಡಗಾಸ್ಕರ್’ ಎಂಬ ಒಂದು ಪದ. ಮೊಜಾಂಬಿಕ್ ಎಂದರೆ ಅಲ್ಲಿಯ ಬಂದರಿನಿಂದ ಹಡಗು ಹತ್ತಿದವರು ಎಂದಷ್ಟೇ. ಒಳನಾಡಿನ ಯಾವ ಹಳ್ಳಿ, ಯಾವ ಭಾಷೆ, ಯಾವ ತಾಯಿ ಎಂಬುದು ಇಲ್ಲ. ಒಂದೇ ಬಂದರು, ಒಂದೇ ಕಬ್ಬು. ಒಬ್ಬನ ಮೊಮ್ಮಗ ತನ್ನ ಊರಿನ ಹೆಸರನ್ನು ಓದಬಲ್ಲ, ಇನ್ನೊಬ್ಬನ ಮೊಮ್ಮಗ ಓದಲಾರ. ಇಂದಿನ ಪೋರ್ಟ್ ಲೂಯಿಯ ಮನಸ್ಸನ್ನು ಅರಿಯಲು ಈ ವ್ಯತ್ಯಾಸವನ್ನು ಅರಿಯಬೇಕು ಎಂದು ನನಗೆ ಅನ್ನಿಸುತ್ತದೆ. ಬಣ್ಣ, ಧರ್ಮಗಳ ವ್ಯತ್ಯಾಸ ಅದರ ನಂತರದ್ದು.

1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯೂರೋಪ್-ಭಾರತದ ಹಡಗುಗಳಿಗೆ ಈ ಬಂದರು ದಾರಿಯಲ್ಲೇ ಇಲ್ಲದಂತಾಯಿತು. 1892ರ ಏಪ್ರಿಲ್ 29ರ ಚಂಡಮಾರುತ ಊರಿನ ಮೂರನೆಯ ಒಂದು ಭಾಗವನ್ನು ಕೆಡವಿತು. ಮರುವರ್ಷ ಬೆಂಕಿ, 1899ರಲ್ಲಿ ಪ್ಲೇಗ್. ಆದರೂ ದ್ವೀಪದ ಸಕ್ಕರೆಯೆಲ್ಲ ಇಲ್ಲಿಂದಲೇ ಹೊರಡಬೇಕಾದ್ದರಿಂದ ಊರು ಉಳಿಯಿತು. 1980ರಲ್ಲಿ ಯಾಂತ್ರಿಕ ಸಕ್ಕರೆ ಟರ್ಮಿನಲ್ ಬರುವವರೆಗೆ ಪ್ರತಿ ಚೀಲವೂ ಒಬ್ಬ ಹಮಾಲನ ಬೆನ್ನೇರಿ ಹಡಗು ಸೇರುತ್ತಿತ್ತು.

ಸ್ವಾತಂತ್ರ್ಯ ಹತ್ತಿರ ಬಂದಾಗ, ಹಳೆಯ ಪ್ರಶ್ನೆ ಬೀದಿಗೆ ಇಳಿಯಿತು. 1968ರ ಜನವರಿಯಲ್ಲಿ ಪೋರ್ಟ್ ಲೂಯಿಯ ಕೇರಿಗಳಲ್ಲಿ ಕ್ರಿಯೋಲರಿಗೂ ಮುಸ್ಲಿಮರಿಗೂ ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತಲೆಮಾರುಗಳಿಂದ ಒಟ್ಟಿಗೆ ಇದ್ದ ಕುಟುಂಬಗಳು ಮನೆ ಬಿಟ್ಟು ತಮ್ಮವರಿರುವ ಕೇರಿಗೆ ಹೋದವು. ಸಿಂಗಪುರದಿಂದ ಬ್ರಿಟಿಷ್ ಸೈನಿಕರನ್ನು ಕರೆಸಬೇಕಾಯಿತು. ರಾಣಿಯ ಪರವಾಗಿ ಬರಬೇಕಿದ್ದ ರಾಜಕುಮಾರಿ ಬರಲಿಲ್ಲ. ಆದರೂ ಮಾರ್ಚ್ 12ರಂದು ಅದೇ ಷಾಂ ದ ಮಾರ್ಸ್ ಮೈದಾನದಲ್ಲಿ, ಮಲಾರ್ತಿಕನ ಸಮಾಧಿ ಇರುವ ಕಡೆಯೇ, ನಾಲ್ಕು ಬಣ್ಣದ ಧ್ವಜ ಏರಿತು. ಸೀವೂಸಾಗರ್ ರಾಮಗುಲಾಮ್ ಪ್ರಧಾನಿಯಾದರು. 1992ರಲ್ಲಿ ದೇಶ ಗಣರಾಜ್ಯವಾಯಿತು. 1999ರ ಫೆಬ್ರವರಿಯಲ್ಲಿ ಕಾಯಾ ಎಂಬ ಜನಪ್ರಿಯ ಕ್ರಿಯೋಲ್ ಗಾಯಕ ಪೊಲೀಸ್ ವಶದಲ್ಲಿ ಸತ್ತಾಗ ಮತ್ತೆ ಬೆಂಕಿ ಎದ್ದಿತು. ಇಂಥ ಊರಿಗೆ ‘ವಿವಿಧತೆಯಲ್ಲಿ ಏಕತೆ’ ಎಂಬ ಫಲಕ ತಗುಲಿಹಾಕಿ ಮುಂದೆ ಹೋಗುವುದು ಸುಲಭ, ನಮ್ಮ ಕಾರ್ಯಕ್ರಮಗಳಲ್ಲೂ ಆ ಸುಲಭದ ಕೆಲಸ ಎಷ್ಟೋ ಸಲ ನಡೆದಿದೆ. ಆದರೆ ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಫಾದರ್ ಲವಾಲ್ ಎಂಬ, ಬಿಡುಗಡೆಯಾದ ಗುಲಾಮರ ಸೇವೆ ಮಾಡಿ 1864ರಲ್ಲಿ ತೀರಿಕೊಂಡ ಪಾದ್ರಿಯ ಸಮಾಧಿಗೆ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ರಾತ್ರಿಯೆಲ್ಲ ನಡೆದು ಹೋಗುತ್ತಾರೆ ಎಂಬುದೂ ಅಷ್ಟೇ ನಿಜ.

ಆಪ್ರವಾಸಿ ಘಾಟ್ 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲೇ ಪಕ್ಕದಲ್ಲಿ ಲಾ ಬೂರ್ದೊನೆಯ ಕಾಲದ ಹಳೆಯ ಮಿಲಿಟರಿ ಆಸ್ಪತ್ರೆ ಇದೆ, ಗುಲಾಮರ ದುಡಿಮೆ ಕಂಡ ಕಟ್ಟಡ. ಅದು ಗುಲಾಮಗಿರಿಯ ವಸ್ತುಸಂಗ್ರಹಾಲಯವಾಗಿ ತೆರೆದದ್ದು 2023ರ ಸೆಪ್ಟೆಂಬರಿನಲ್ಲಿ. ಒಂದೇ ದಡ, ಕೂಗಳತೆಯ ದೂರ. ನಡುವೆ ಹದಿನೇಳು ವರ್ಷ.

ಮೂರನೆಯ ಇಳಿದಾಣವೊಂದಿದೆ. ಅದಕ್ಕೆ ಘಾಟೂ ಇಲ್ಲ, ಸಂಗ್ರಹಾಲಯವೂ ಇಲ್ಲ. ಮಾರಿಷಸ್ಸಿಗೆ ಸೇರಿದ್ದ ಚಾಗೋಸ್ ದ್ವೀಪಗಳನ್ನು ಬ್ರಿಟನ್ 1965ರಲ್ಲಿ, ಸ್ವಾತಂತ್ರ್ಯಕ್ಕೆ ಮುಂಚೆಯೇ, ಬೇರ್ಪಡಿಸಿ ಇಟ್ಟುಕೊಂಡಿತು. ಅಲ್ಲಿಯ ಡಿಯೆಗೊ ಗಾರ್ಸಿಯಾ ಅಮೆರಿಕದ ಸೇನಾನೆಲೆಗೆ ಬೇಕಿತ್ತು. ತೆಂಗಿನ ತೋಟಗಳಲ್ಲಿ ದುಡಿಯಲು ಹದಿನೆಂಟನೆಯ ಶತಮಾನದಿಂದ ತಂದ ಗುಲಾಮರ ವಂಶದವರು ಅಲ್ಲಿ ಬಾಳುತ್ತಿದ್ದರು, ಸುಮಾರು ಒಂದೂವರೆ ಎರಡು ಸಾವಿರ ಜನ. 1973ರೊಳಗೆ ಅವರೆಲ್ಲರನ್ನೂ ಎಬ್ಬಿಸಿದರು. ಹೆಚ್ಚಿನವರನ್ನು ಹಡಗು ಹತ್ತಿಸಿ ಪೋರ್ಟ್ ಲೂಯಿಗೆ ತಂದರು. ಬ್ರಿಟನ್ ಮಾಡಿದ ಆ ವಿಂಗಡಣೆ ಕಾನೂನುಬದ್ಧವಾಗಿರಲಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯ ಕೊಟ್ಟಿತು. ದ್ವೀಪಗಳನ್ನು ಮಾರಿಷಸ್ಸಿಗೆ ಒಪ್ಪಿಸಿ, ಡಿಯೆಗೊ ಗಾರ್ಸಿಯಾವನ್ನು 99 ವರ್ಷ ಗೇಣಿಗೆ ಉಳಿಸಿಕೊಳ್ಳುವ ಒಪ್ಪಂದಕ್ಕೆ ಎರಡೂ ಸರಕಾರಗಳು 2025ರ ಮೇ ತಿಂಗಳಲ್ಲಿ ಸಹಿ ಹಾಕಿದವು.

1973ರಲ್ಲಿ ‘ನೋರ್ಡ್‌ವೇರ್’ ಎಂಬ ಹಡಗು ಚಾಗೋಸಿನ ಕೊನೆಯ ತಂಡಗಳಲ್ಲೊಂದನ್ನು ಹೊತ್ತು ಪೋರ್ಟ್ ಲೂಯಿಯ ಕಟ್ಟೆಗೆ ಬಂತು. ಮೊದಲು ಬಂದವರು ಬಂದರಿನ ಕೊಳೆಗೇರಿಗಳಲ್ಲಿ ಕೆಲಸವಿಲ್ಲದೆ, ಸೂರಿಲ್ಲದೆ ಬಿದ್ದಿರುವ ಸುದ್ದಿ ಇವರಿಗೆ ಮುಟ್ಟಿತ್ತು. ಇಳಿಯಿರಿ ಎಂದರೆ ಇಳಿಯಲಿಲ್ಲ. ಇರಲು ಮನೆ ಕೊಡಿ, ಇಲ್ಲವೆ ನಮ್ಮ ದ್ವೀಪಕ್ಕೆ ವಾಪಸು ಬಿಡಿ ಎಂದು ಕೂತರು. ಕೆಲವು ದಿನಗಳ ನಂತರ, ಬಿಟ್ಟು ಹಾಳಾಗಿದ್ದ ಕೆಲವು ಮನೆಗಳನ್ನು ತೋರಿಸಿದರು. ಆಗ ಒಬ್ಬೊಬ್ಬರಾಗಿ ಇಳಿದರು.